ಪ್ರಜ್ಞೆ ತಪ್ಪಿದ್ರೆ ನೋವು ಹೋಯ್ತು ಅಂತಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮನೆ ಹೆಣ್ಣು ನಾಯಿಗೆ ಎರಡು ವರ್ಷ, ಸ್ಪೇ (ಮರಿ ಆಗದ ಹಾಗೆ ಮಾಡೋ) ಆಪರೇಷನ್ ಮಾಡಿಸ್ಬೇಕು ಅಂತಿದೀವಿ. ಅನಸ್ತೇಶಿಯಾ ಕೊಟ್ರೆ ಎದ್ದೇಳುತ್ತೋ ಇಲ್ವೋ ಅಂತ ಅಮ್ಮನಿಗೆ ಭಯ. ಇನ್ನೊಬ್ರು, ನೋವಿನ ಇಂಜೆಕ್ಷನ್ ಎಲ್ಲ ಬೇಡ, ನೋವಿದ್ರೇನೇ ನಾಯಿ ಕುಣಿದಾಡದೆ ಮಲಗಿರುತ್ತೆ, ಹೊಲಿಗೆ ಬಿಚ್ಚಲ್ಲ ಅಂತಾರೆ. ನಿಜಾನಾ?

ಉತ್ತರ: ಎರಡನೇ ಮಾತಿಗೆ ಮೊದ್ಲು ಹೇಳ್ಬಿಡ್ತೀನಿ, ಇದನ್ನ ಕೇಳ್ದಾಗೆಲ್ಲ ನಂಗೆ ಸಂಕಟ ಆಗುತ್ತೆ. ಖಂಡಿತ ನಿಜ ಅಲ್ಲ. ನೋವಿರೋ ನಾಯಿ ನೆಮ್ಮದಿಯಾಗಿ ಮಲಗಲ್ಲ, ಎದ್ದು ಎದ್ದು ಜಾಗ ಬದಲಾಯಿಸುತ್ತೆ, ಗಾಯ ನೆಕ್ಕುತ್ತೆ, ಊಟ ಬಿಡುತ್ತೆ, ನಿದ್ದೆ ಇಲ್ಲ, ಗಾಯ ಮಾಯೋದೂ ತಡ ಆಗುತ್ತೆ. ಓಡಾಟ ನಿಲ್ಲಿಸೋಕೆ ಬೆಲ್ಟ್ ಇದೆ, ಚಿಕ್ಕ ರೂಮ್ ಇದೆ, ತೀರಾ ತುಂಟಿ ಆದ್ರೆ ಡಾಕ್ಟ್ರೇ ಮಂಪರಿನ ಮಾತ್ರೆ ಬರೆದುಕೊಡ್ತಾರೆ.

ದಿನಾ ಆಗೋ ಆಪರೇಷನ್ ಅಂತ ಸ್ಪೇನ ಎಲ್ರೂ ಸಣ್ಣದು ಅನ್ಕೋತಾರೆ, ಆದ್ರೆ ಹೊಟ್ಟೆ ಕೊಯ್ದು ಅಂಡಾಶಯ, ಸಾಮಾನ್ಯವಾಗಿ ಗರ್ಭಕೋಶಾನೂ ಸೇರಿಸಿ ತೆಗೆಯೋದು ಅದು. ಅಂಡಾಶಯ ಕಿಡ್ನಿ ಹಿಂದೆ ಆಳದಲ್ಲಿ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಅದನ್ನ ಎಳೆದು ಸಡಿಲ ಮಾಡಿ ಮೇಲಕ್ಕೆ ತರ್ಬೇಕು. ಆಗ ಮಾನಿಟರ್ ನೋಡ್ಬೇಕು ನೀವು, ನಾಯಿಗೆ ಪೂರ್ತಿ ಪ್ರಜ್ಞೆ ಇಲ್ಲ, ಆದ್ರೂ ಹಾರ್ಟ್ ರೇಟ್, ಬಿಪಿ ಎರಡೂ ಸರ್ರಂತ ಏರುತ್ವೆ, ಉಸಿರಾಟ ಜೋರಾಗುತ್ತೆ. ನೋವಿನ ಸುದ್ದಿ ನರಗಳಲ್ಲಿ ಓಡ್ತಾನೇ ಇದೆ ಅಂತ ಅರ್ಥ. ಅದನ್ನ ಮೊದ್ಲೇ ತಡೀದಿದ್ರೆ ಬೆನ್ನುಹುರಿಯ ನರಗಳು ಕೆರಳಿ, ಎಚ್ಚರ ಆದ್ಮೇಲೆ ನೋವು ಇನ್ನೂ ಜಾಸ್ತಿ ಗೊತ್ತಾಗುತ್ತೆ. ಹಂಗಾಗಿ ನೋವಿನ ಔಷಧಿ ಬ್ಲೇಡ್ ಮುಟ್ಟೋಕೆ ಮುಂಚೇನೇ ಒಳಗಿರ್ಬೇಕು.

ಪ್ರೊಪೋಫಾಲ್ ಇಂಜೆಕ್ಷನ್, ಐಸೋಫ್ಲುರೇನ್ ಗ್ಯಾಸ್ ಪ್ರಜ್ಞೆ ತಪ್ಪಿಸ್ತವೆ ಅಷ್ಟೇ, ನೋವಿಗಲ್ಲ. ಮುಂಚೆ ಕೊಡೋ ಎಸಿಪ್ರೊಮಜಿನ್ ಕೂಡ ಬರೀ ಮಂಪರು ತರೋದು. ನೋವಿಗೆ ಬೇರೆ ಕೊಡ್ಬೇಕು, ಮಾರ್ಫಿನ್, ಮೆಥಡೋನ್, ಬ್ಯುಪ್ರೆನಾರ್ಫಿನ್ ಈ ಗುಂಪಿನದ್ದು ಒಂದು (ಇದೇ ಗುಂಪಿನ ಬ್ಯುಟಾರ್ಫನಾಲ್ ಒಂದೇ ಕೊಟ್ರೆ ಒಂದೆರಡು ಗಂಟೇಲಿ ಇಳಿದುಬಿಡುತ್ತೆ), ಅದ್ರ ಜೊತೆ ಊತ, ನೋವು ಇಳಿಸೋ ಮೆಲಾಕ್ಸಿಕಾಮ್ ಅಥವಾ ಕಾರ್ಪ್ರೊಫೆನ್, ಮತ್ತೆ ಕೊಯ್ಯೋ ಜಾಗಕ್ಕೆ ಲಿಡೋಕೇನ್ ಇಲ್ಲಾಂದ್ರೆ ಬ್ಯುಪಿವಕೇನ್ ಹಾಕಿ ಮರಗಟ್ಟಿಸೋದು. ಇದೆಲ್ಲ ಸೇರಿದ್ರೆ ಗ್ಯಾಸ್ ಕಮ್ಮಿ ಸಾಕು, ಗ್ಯಾಸ್ ಕಮ್ಮಿ ಆದ್ರೆ ಬಿಪಿ ಅಷ್ಟು ಬೀಳಲ್ಲ, ಅಂದ್ರೆ ನೋವು ನೋಡ್ಕೊಂಡ್ರೆ ಅನಸ್ತೇಶಿಯಾನೂ ಸೇಫ್ ಆಗುತ್ತೆ.

ಇನ್ನು ಅಮ್ಮನ ಭಯ. 2008ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆರೋಗ್ಯವಾಗಿದ್ದ ನಾಯಿಗಳಲ್ಲಿ ಸಾವು ಸುಮಾರು 2000ಕ್ಕೆ 1. ಅಪಾಯ ಇಲ್ಲ ಅಂತಲ್ಲ, ಕಮ್ಮಿ. ಅದ್ರಲ್ಲೇ ಇನ್ನೊಂದು ವಿಷಯ ನೋಡಿ, ನಾಯಿಗಳ ಒಟ್ಟು ಸಾವುಗಳಲ್ಲಿ ಹತ್ರ ಹತ್ರ ಅರ್ಧ ಆಪರೇಷನ್ ಮುಗಿದ ಮೇಲೆ ಆಗಿದ್ದು, ಹೆಚ್ಚಿನವು ಮೊದಲ 3 ಗಂಟೆ ಒಳಗೆ. ಅದಕ್ಕೇ ಆಸ್ಪತ್ರೇಲಿ ಸಂಕೋಚ ಬಿಟ್ಟು ಕೇಳಿ: ನೋವಿಗೆ ಏನು ಕೊಡ್ತೀರಾ, ಉಸಿರಾಟಕ್ಕೆ ಗಂಟಲಿಗೆ ಟ್ಯೂಬ್ ಹಾಕ್ತೀರಾ, ಮೈ ಬೆಚ್ಚಗಿಡೋಕೆ ಏನಿದೆ, ಪೂರ್ತಿ ಎಚ್ಚರ ಆಗೋವರೆಗೂ ಪಕ್ಕದಲ್ಲಿ ಯಾರಿರ್ತಾರೆ. ಒಳ್ಳೆ ಡಾಕ್ಟ್ರು ಬೇಜಾರು ಮಾಡ್ಕೊಳಲ್ಲ. ಎಷ್ಟು ಹೊತ್ತು ಊಟ ಕೊಡ್ಬಾರ್ದು ಅಂತಾನೂ ಅವ್ರನ್ನೇ ಕೇಳಿ, ಮರಿಗಳಿಗೆ ಕಮ್ಮಿ ಹೊತ್ತು ಸಾಕು.

ಪ್ರಶ್ನೆ: ಆಪರೇಷನ್ ಮುಗಿಸಿ ಮನೆಗೆ ಕರ್ಕೊಂಡ್ಬಂದ್ವಿ, ಅವತ್ತು ರಾತ್ರಿ ಕುಂಯ್ ಕುಂಯ್ ಅಂತಾನೇ ಇತ್ತು. ಇಂಥ ಟೈಮಲ್ಲಿ ಮನೇಲಿರೋ ನೋವಿನ ಮಾತ್ರೆ ಕೊಡಬಹುದಾ ಸರ್?

ಉತ್ತರ: ದಯವಿಟ್ಟು ಕೊಡ್ಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ಹೊಟ್ಟೇಲಿ ಹುಣ್ಣು ಮಾಡ್ತವೆ, ಕಿಡ್ನಿ ಹಾಳು ಮಾಡ್ತವೆ, ಆಸ್ಪತ್ರೇಲಿ ಆಗ್ಲೇ ಇದೇ ಗುಂಪಿನ ಮೆಲಾಕ್ಸಿಕಾಮ್ ಕೊಟ್ಟಿದ್ರಂತೂ ಡಬಲ್ ಅಪಾಯ. ಪ್ಯಾರಾಸಿಟಮಾಲ್ ಕೂಡ ಅಂದಾಜಲ್ಲಿ ಕೊಡೋದಲ್ಲ.

ಮೊದಲ ಕೆಲವು ಗಂಟೆ ಕುಂಯ್‌ಗುಟ್ಟೋದು ಕೆಲವು ಸಲ ಔಷಧಿಯ ಗೊಂದಲ. ಪಕ್ಕ ಕೂತು ಹೆಸ್ರು ಹಿಡಿದು ಮಾತಾಡ್ಸಿ, ಗಾಯದಿಂದ ಸ್ವಲ್ಪ ದೂರದಲ್ಲಿ ಹಗುರವಾಗಿ ಕೈ ಇಡಿ. ಮುಖ ತಿರುಗಿಸಿ ಕೈ ಕಡೆ ನೋಡಿದ್ರೆ, ಹೊಟ್ಟೆ ಬಿಗಿ ಹಿಡಿದ್ರೆ, ಗುರ್ ಅಂದ್ರೆ, ಬೆನ್ನು ಬಾಗಿಸಿ ನಿಂತಿದ್ರೆ, ಮುಂಗಾಲು ನೆಲಕ್ಕೂರಿ ಹಿಂಭಾಗ ಮೇಲೆತ್ತಿ ನಿಂತ್ರೆ ಅದು ನೋವೇ, ಡಾಕ್ಟ್ರಿಗೆ ಫೋನ್ ಮಾಡಿ. ನೋವಿನ ಮಾತ್ರೆ ಸಾಮಾನ್ಯವಾಗಿ 3ರಿಂದ 5 ದಿನ ಬೇಕಾಗುತ್ತೆ, ಬರೆದುಕೊಟ್ಟಿಲ್ಲ ಅಂದ್ರೆ ನೀವೇ ಕೇಳಿ ತಗೊಳ್ಳಿ, ಊಟದ ಜೊತೆ ಕೊಡಿ, ವಾಂತಿ ಭೇದಿ ಆದ್ರೆ ನಿಲ್ಲಿಸಿ ತಿಳಿಸಿ. ವಸಡು ಬಿಳಚಿಕೊಂಡು ನಾಯಿ ಸುಸ್ತಾಗಿ ಬಿದ್ದಿದ್ರೆ ಮಾತ್ರ ಫೋನಲ್ಲಿ ಹೊತ್ತು ಕಳೀಬೇಡಿ, ಒಳಗೆ ರಕ್ತ ಸೋರ್ತಿರಬಹುದು, ಎಷ್ಟೇ ರಾತ್ರಿ ಆದ್ರೂ ಎತ್ಕೊಂಡು ಆಸ್ಪತ್ರೆಗೆ ಓಡಿ.

ಪ್ರಶ್ನೆ: ನಮ್ಮದು ಪಗ್, ಬೇರೆ ಏನಾದ್ರೂ ನೋಡ್ಕೋಬೇಕಾ?

ಉತ್ತರ: ಹೌದು. ಮೂಗು ಚಪ್ಪಟೆ ಇರೋ ತಳಿಗಳಿಗೆ ಎದ್ದೇಳೋ ಹೊತ್ತೇ ಕಷ್ಟ, ಗಂಟಲು ಮುಚ್ಚಿಕೊಂಡು ಉಸಿರು ಸಿಗಲ್ಲ. ಟ್ಯೂಬ್ ತೆಗೆಯೋದನ್ನ ಆದಷ್ಟು ತಡ ಮಾಡಿ, ಆಕ್ಸಿಜನ್ ಪಕ್ಕದಲ್ಲಿಟ್ಕೊಳ್ಳೋ ಆಸ್ಪತ್ರೇನೇ ಆರಿಸ್ಕೊಳ್ಳಿ, ಅವತ್ತು ಮನೆಗೆ ಕರ್ಕೊಂಡು ಹೋಗೋಕೆ ಆತುರ ಬೇಡ.