ನಿಂಟೆಂಡೊ 64ರ ‘ಮದರ್ 3’ ಕುರಿತು

ಜಪಾನಿನ ನಿಂಟೆಂಡೊ ಕಂಪನಿಯ, ಟಿವಿಗೆ ಜೋಡಿಸಿ ಆಡುವ ಯಂತ್ರವಾದ ನಿಂಟೆಂಡೊ 64ಕ್ಕೆಂದು ಸಿದ್ಧವಾಗುತ್ತಿದ್ದ ವಿಡಿಯೊ ಗೇಮ್ ‘ಮದರ್ 3’ ಹಾಗೂ ಅದೇ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ಗೇಮ್‌ಬಾಯ್ ಅಡ್ವಾನ್ಸ್‌ನ ‘ಮದರ್ 3’ ಎರಡೂ ಒಂದೇ ಆಟವೇ ಎಂದು ಕೇಳಿದ್ದೀರಿ. ಕಥೆಯ ಬೇರು ಒಂದೇ ಆದರೂ ಆಟ ಬೇರೆ. ಮೂರು ಆಯಾಮದ ಚಿತ್ರಗಳಲ್ಲಿ ರೂಪುಗೊಳ್ಳುತ್ತಿದ್ದ ಮೊದಲಿನದನ್ನು ನಿಂಟೆಂಡೊ ಕಂಪನಿಯ 1999ರ ಸ್ಪೇಸ್‌ವರ್ಲ್ಡ್ ಪ್ರದರ್ಶನದಲ್ಲಿ ಜನರು ಆಡಿಯೂ ನೋಡಿದ್ದರು. ಗಣಿಯ ಹಳಿಬಂಡಿ ಧಡಧಡನೆ ಓಡುವ ದೃಶ್ಯವೂ ಅದರಲ್ಲಿತ್ತು. ಆದರೆ ಕೆಲಸ ಮುಗಿಯದೆ, 2000ದ ಆಗಸ್ಟ್‌ನಲ್ಲಿ ಅದನ್ನು ಕೈಬಿಡಲಾಯಿತು. ಆಟದ ಕಥೆಗಾರ ಶಿಗೆಸಾಟೊ ಇಟೊಯಿ, ನಿರ್ಮಾಪಕರಾದ ಸತೊರು ಇವಾಟಾ, ಶಿಗೆರು ಮಿಯಾಮೊಟೊ ಮೂವರೂ ಆ ನಿರ್ಧಾರದ ಬಗ್ಗೆ ಬಹಿರಂಗವಾಗಿ ಮಾತನಾಡಿದರು; ಆಟಗಾರರಿಗೆ ಹೀಗೆ ವಿವರಣೆ ಸಿಗುವುದು ಅಪರೂಪವಾದ್ದರಿಂದ ನನಗೆ ಅದರ ಮೇಲೆ ತುಂಬ ಗೌರವವಿದೆ. ಬಳಿಕ ಅದೇ ಕಥೆಯನ್ನು ಗೇಮ್‌ಬಾಯ್ ಅಡ್ವಾನ್ಸ್‌ಗಾಗಿ ಎರಡು ಆಯಾಮದ ಚಿತ್ರಗಳಲ್ಲಿ ಹೊಸದಾಗಿ ಕಟ್ಟಿ, 2006ರ ಏಪ್ರಿಲ್ 20ರಂದು ಜಪಾನಿನಲ್ಲಿ ಮಾತ್ರ ಬಿಡುಗಡೆ ಮಾಡಲಾಯಿತು. ಜಪಾನಿ ಭಾಷೆ ಬಾರದಿದ್ದರೆ, 2008ರಲ್ಲಿ ಅಭಿಮಾನಿಗಳು ಹೊರತಂದ ಇಂಗ್ಲಿಷ್ ಅನುವಾದವೇ ನಿಮಗಿರುವ ದಾರಿ.