ಫೋರ್ಟಿನ ಕಾಲೇಜಿಗೆ ಕ್ಯಾಂಪಸ್ಸೇ ಇಲ್ಲ, ಮಗಳನ್ನು ಅಷ್ಟು ದೂರ ಕಳಿಸಬೇಕಾ?

ಮುಂಬಯಿಯಿಂದ ಆಚೆ ಡೊಂಬಿವಲಿಯಲ್ಲಿ ಮನೆ, ಮಗಳಿಗೆ ದಕ್ಷಿಣ ಮುಂಬಯಿಯ ಫೋರ್ಟಿನಲ್ಲಿ, ಕಾಲಾ ಘೋಡಾ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಸೀಟು ಸಿಕ್ಕಿದೆ, ನೋಡಲು ಹೋದರೆ ಒಂದು ಹಳೇ ಕಟ್ಟಡ ಬಿಟ್ಟು ಬೇರೇನೂ ಇಲ್ಲ, ಆಟದ ಬಯಲೂ ಇಲ್ಲ, ಮನೆ ಹತ್ತಿರದ ಕಾಲೇಜೇ ವಾಸಿ ಅಲ್ವಾ ಅಂತ ಕೇಳಿದ್ದೀರಿ. ಕಳಿಸಿ ಅಂತಲೇ ನಾನು ಹೇಳುವುದು. ಆದರೆ ಒಂದು ಷರತ್ತು ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕುಂದಾಪುರ ಕಡೆಯವನು. ಹದಿನಾಲ್ಕನೇ ವಯಸ್ಸಿಗೆ ಬೊಂಬಾಯಿ ಬಸ್ಸು ಹತ್ತಿ ಫೋರ್ಟಿನ ಒಂದು ಹೋಟೆಲಿಗೆ ಮಾಣಿಯಾಗಿ ಸೇರಿದೆ. ಆಗ ನಮ್ಮವರು ನಡೆಸುತ್ತಿದ್ದ ಕನ್ನಡ ರಾತ್ರಿ ಶಾಲೆಗಳಿದ್ದವು. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಧಣಿ ಬಿಡುತ್ತಿದ್ದರು. ಕೈ ಎಷ್ಟು ತೊಳೆದರೂ ಈರುಳ್ಳಿ ವಾಸನೆ ಹೋಗುತ್ತಿರಲಿಲ್ಲ. ನೋಟ್ ಪುಸ್ತಕದ ಹಾಳೆಗೂ ಅದೇ ವಾಸನೆ. ಹಾಗೆ ಎಸ್ಸೆಸ್ಸಿ ಮುಗಿಸಿ ಸಿದ್ಧಾರ್ಥ ಕಾಲೇಜಿಗೆ ಸೇರಿದೆ. ಬೆಳಗಿನ ಕ್ಲಾಸು ಮುಗಿಸಿ ಓಡಿ ಬಂದರೆ ಮಧ್ಯಾಹ್ನದ ಊಟದ ಗದ್ದಲಕ್ಕೆ ಸರಿಯಾಗಿ ತಲುಪುತ್ತಿದ್ದೆ.

ಆ ಕಾಲೇಜು ಶುರು ಮಾಡಿದ್ದು ಅಂಬೇಡ್ಕರ್, 1946ರಲ್ಲಿ. ದುಡಿಯುವವರೂ ಓದಲಿ ಅಂತಲೇ ಬೆಳಗಿನ ತರಗತಿ ಇಟ್ಟಿದ್ದು. ಅವರದೇ ಬದುಕನ್ನು ನೋಡಿ. 1912ರಲ್ಲಿ ಬಿ.ಎ. ಮುಗಿಸಿದ್ದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. 1918ರಲ್ಲಿ ಮೇಷ್ಟ್ರಾಗಿ ಸೇರಿದ್ದು ಸಿಡೆನ್‌ಹ್ಯಾಮ್ ಕಾಲೇಜಿಗೆ. 1935ರಲ್ಲಿ ಪ್ರಿನ್ಸಿಪಾಲ್ ಆದದ್ದು ಗವರ್ನಮೆಂಟ್ ಲಾ ಕಾಲೇಜಿಗೆ. ಆಮೇಲೆ ಸಿದ್ಧಾರ್ಥ. ಇವತ್ತು ನಾಲ್ಕನ್ನೂ ಒಂದೇ ಬೆಳಗಿನಲ್ಲಿ ನಡೆದು ನೋಡಿ ಬರಬಹುದು, ನಡುವೆ ಎರಡು ಕಟಿಂಗ್ ಚಹಾಕ್ಕೂ ಸಮಯ ಉಳಿಯುತ್ತದೆ.

ಈ ನಡೆದಾಡುವ ದೂರವೇ ಇಲ್ಲಿನ ಕ್ಯಾಂಪಸ್ಸು. ಎಲ್ಫಿನ್‌ಸ್ಟನ್ ಪಕ್ಕದಲ್ಲೇ ಡೇವಿಡ್ ಸಸೂನ್ ಲೈಬ್ರರಿ, 1870ರ ಕಟ್ಟಡ. ಎದುರಿಗೆ ಜಹಾಂಗೀರ್ ಆರ್ಟ್ ಗ್ಯಾಲರಿ. ಅದರ ಹಿಂದೆ ನಾವು ಹಳಬರು ಪ್ರಿನ್ಸ್ ಆಫ್ ವೇಲ್ಸ್ ಎನ್ನುವ ಮ್ಯೂಸಿಯಂ. ಈಚೆ 1857ರಲ್ಲಿ ಶುರುವಾದ ಯೂನಿವರ್ಸಿಟಿ, ಅದರ ರಾಜಾಬಾಯಿ ಟವರ್. ಓವಲ್ ಮೈದಾನ ದಾಟಿದರೆ ಚರ್ಚ್‌ಗೇಟಿನ ಕಡೆ ಕೆ.ಸಿ., ಜೈಹಿಂದ್, ಎಚ್.ಆರ್. ಕಾಲೇಜುಗಳು. ಸಿಎಸ್‌ಎಂಟಿ, ಅಂದರೆ ಹಳೇ ವಿ.ಟಿ. ಸ್ಟೇಷನ್ ಕಡೆ ಹೋದರೆ ಝೇವಿಯರ್ಸ್ ಮತ್ತು ಜೆ.ಜೆ. ಸ್ಕೂಲ್ ಆಫ್ ಆರ್ಟ್. ಆಟದ ಬಯಲಿಲ್ಲ ಅಂದಿರಲ್ಲ, ಓವಲ್ ಮೈದಾನ ಮತ್ತೇನು? ಅಲ್ಲಿ ಒಂದೇ ಹೊತ್ತಿಗೆ ಎಷ್ಟು ಟೀಮು ಆಡುತ್ತವೆ, ಯಾವ ಚೆಂಡು ಯಾರದು ಅಂತ ದೇವರೇ ಬಲ್ಲ.

ಜಹಾಂಗೀರಿಗೆ ನಾನು ಮೊದಲು ಹೋದದ್ದು ಚಿತ್ರ ನೋಡಲು ಅಲ್ಲ. ಮೇ ತಿಂಗಳು, ಒಳಗೆ ತಂಪು, ಟಿಕೆಟ್ ಇಲ್ಲ. ಸುಮ್ನೆ ಕೈ ಕಟ್ಟಿಕೊಂಡು ಗೋಡೆ ನೋಡುತ್ತಾ ನಿಲ್ಲುತ್ತಿದ್ದೆ. ಯಾರಾದರೂ ಹೊರಗೆ ಹಾಕಿದರೆ ಅಂತ ಭಯ ಬೇರೆ. ಯಾರೂ ಹಾಕಲಿಲ್ಲ. ಇನ್ನೊಂದು ದಿನ ಒಂದು ಪ್ರದರ್ಶನದಲ್ಲಿ ಕೋಳಿ ಅಂಕದ ಚಿತ್ರ ಕಂಡಿತು. ನಾಲ್ಕೈದು ಗೀಟು, ಅಷ್ಟರಲ್ಲೇ ಕೋಳಿ ಎಗರುತ್ತಿತ್ತು. ನಮ್ಮೂರಿನ ಗದ್ದೆ ಕಣ್ಣ ಮುಂದೆ ಬಂತು. ಕೆಳಗೆ ಕೆ.ಕೆ. ಹೆಬ್ಬಾರ್ ಅಂತ ಹೆಸರು. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಜೆ.ಜೆ.ಯಲ್ಲಿ ಕಲಿತು ಅಲ್ಲೇ ಕಲಿಸಿದವರು ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ತಂಪಿಗೆ ಹೋಗುವುದು ಬಿಟ್ಟು ಚಿತ್ರಕ್ಕೇ ಹೋಗತೊಡಗಿದೆ. ಇದನ್ನು ಯಾವ ಸಿಲೆಬಸ್ಸೂ ನನಗೆ ಕೊಡುತ್ತಿರಲಿಲ್ಲ.

ಸಸೂನ್ ಲೈಬ್ರರಿಯ ಮಹಡಿಯ ಮೊಗಸಾಲೆಯಲ್ಲಿ ಉದ್ದ ಕೈಯ ಆರಾಮ ಕುರ್ಚಿಗಳಿದ್ದವು. ಪೇಪರನ್ನು ಎದೆ ಮೇಲೆ ಹರಡಿಕೊಂಡು ಮುದುಕರು ಗೊರಕೆ ಹೊಡೆಯುತ್ತಿದ್ದರು, ಕೆಳಗೆ ಬಸ್ಸಿನ ಸದ್ದು. ಒಳಗೆ ಪರೀಕ್ಷೆಗೆ ಓದುವ ಹುಡುಗರು. ಮೆಂಬರ್ ಆಗಬೇಕು. ಮಗಳಿಗೆ ಮೊದಲು ಮಾಡಿಸಬೇಕಾದ ಖರ್ಚು ಇದೇ ಅಂತ ನನಗನ್ನಿಸುತ್ತದೆ.

ಇನ್ನು ನೀವು ವಿಚಾರಿಸಿಕೊಳ್ಳಬೇಕಾದ ಒಂದು ವಿಷಯ. ಎಲ್ಫಿನ್‌ಸ್ಟನ್, ಸಿಡೆನ್‌ಹ್ಯಾಮ್, ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಮತ್ತು ಸೆಕೆಂಡರಿ ಟ್ರೇನಿಂಗ್ ಕಾಲೇಜು, ಈ ನಾಲ್ಕನ್ನು ಸೇರಿಸಿ 2019ರಲ್ಲಿ ಹೋಮಿ ಭಾಭಾ ಸ್ಟೇಟ್ ಯೂನಿವರ್ಸಿಟಿ ಮಾಡಿದರು. ಇವುಗಳಲ್ಲಿ ಸೇರಿದರೆ ಡಿಗ್ರಿ ಅದರ ಹೆಸರಿನಲ್ಲಿ ಬರುತ್ತದೆ, ಮುಂಬಯಿ ಯೂನಿವರ್ಸಿಟಿ ಹೆಸರಿನಲ್ಲಿ ಅಲ್ಲ. ತಪ್ಪೇನಿಲ್ಲ, ಆದರೆ ಗೊತ್ತಿರಲಿ. ಹಾಗೇ ಮುಂಬಯಿ ಯೂನಿವರ್ಸಿಟಿ ಅಂದರೆ ಫೋರ್ಟು ಅಂತ ಊರಲ್ಲಿ ಎಲ್ಲರೂ ತಿಳಿದಿರುತ್ತಾರೆ. ಎಂ.ಎ. ವಿಭಾಗಗಳು ಹೆಚ್ಚಿನವು ಇರುವುದು ಕುರ್ಲಾ ಹತ್ತಿರದ ಕಲೀನಾದಲ್ಲಿ. ನಮ್ಮ ಕನ್ನಡ ವಿಭಾಗವೂ ಅಲ್ಲೇ. ಮುಂದೆ ಮಗಳು ಕನ್ನಡ ಎಂ.ಎ. ಮಾಡುತ್ತೇನೆ ಅಂದರೆ ಆಗ ಕುರ್ಲಾದಲ್ಲಿ ಇಳಿಯಬೇಕು.

ಲೋಕಲ್ ಟ್ರೇನಿನ ಬಗ್ಗೆ ನಿಮಗೆ ನಾನೇನು ಹೇಳಲಿ, ಡೊಂಬಿವಲಿಯವರು ನೀವು. ಫಾಸ್ಟ್ ಟ್ರೇನಿನ ಆಸೆಗೆ ಬಾಗಿಲಲ್ಲಿ ನೇತಾಡುವುದು ಬೇಡ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಹಿಡಿದು ಕೂತು ಹೋಗಲಿ, ಓದಿಕೊಳ್ಳಲೂ ಆಗುತ್ತದೆ. ಕಾಲೇಜಿನಿಂದ ಕಾಗದ ತಂದರೆ ಪಾಸಿಗೆ ರಿಯಾಯಿತಿ ಸಿಗುತ್ತದೆ. ಹಾಸ್ಟೆಲ್ ನಂಬಿಕೊಳ್ಳಬೇಡಿ, ಆ ಭಾಗದಲ್ಲಿ ಜಾಗಕ್ಕೆ ಚಿನ್ನದ ಬೆಲೆ. ಊಟಕ್ಕೆ ಡಬ್ಬಿ ಕಟ್ಟಿ ಕೊಡಿ. ನಮ್ಮವರ ಹೋಟೆಲುಗಳು ಇನ್ನೂ ಇವೆ, ಆದರೆ ಆ ರೇಟಿಗೆ ದಿನಾ ತಿನ್ನಲು ಆಗಲ್ಲ. ಹೋಟೆಲಿನವನೇ ಹೇಳುತ್ತಿದ್ದೇನೆ.

ಈಗ ಷರತ್ತು. ಸ್ಟೇಷನ್‌ನಿಂದ ಕಾಲೇಜು, ಕಾಲೇಜಿನಿಂದ ಸ್ಟೇಷನ್, ಇಷ್ಟೇ ಮಾಡುವುದಾದರೆ ದಿನಕ್ಕೆ ಮೂರು ಗಂಟೆ ದಂಡ. ಅದಕ್ಕೆ ಮನೆ ಹತ್ತಿರದ ಕಾಲೇಜೇ ಸಾಕು. ವಾರಕ್ಕೆ ಎರಡು ದಿನವಾದರೂ ಕ್ಲಾಸು ಮುಗಿದ ಮೇಲೆ ಒಂದು ಗಂಟೆ ಅವಳು ಅಲ್ಲೇ ತಿರುಗಾಡಬೇಕು. ಲೇಟಾಯಿತು ಅಂತ ನೀವು ಮನೆಯಿಂದ ಫೋನ್ ಮೇಲೆ ಫೋನ್ ಮಾಡಬಾರದು. ಇದು ಅವಳಿಗಿಂತ ನಿಮಗೇ ಜಾಸ್ತಿ ಕಷ್ಟ ಅಂತ ಕಾಣುತ್ತದೆ.

ಹಾಗಾಗಿ ಫೀಸು ಕಟ್ಟುವ ಮೊದಲು ಒಂದು ದಿನ ನೀವೂ ಜೊತೆಗೆ ಹೋಗಿ ಬನ್ನಿ. ಜಹಾಂಗೀರ್ ನೋಡಿ, ರೀಗಲ್ ಸರ್ಕಲ್ ಹತ್ತಿರದ ಮಾಡರ್ನ್ ಆರ್ಟ್ ಗ್ಯಾಲರಿ ನೋಡಿ, ಏಷ್ಯಾಟಿಕ್ ಸೊಸೈಟಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳಿ. ಸೋಮವಾರ ಮಾತ್ರ ಬೇಡ, ಮಾಡರ್ನ್ ಆರ್ಟ್ ಗ್ಯಾಲರಿಗೆ ಅವತ್ತು ರಜೆ.