ಕಾಯ್ದೆ ಬಂದ ಮೇಲೂ ಮಕ್ಕಳು ಗಿರಣಿಯಲ್ಲೇ ಯಾಕಿದ್ದರು?

ಪ್ರಶ್ನೆ: ಬ್ರಿಟಿಷರು 1881ರಲ್ಲೇ ಮಕ್ಕಳ ದುಡಿಮೆಗೆ ಮಿತಿ ಹಾಕುವ ಫ್ಯಾಕ್ಟರಿ ಕಾಯ್ದೆ ತಂದಿದ್ದರಂತೆ. ಆದರೂ ಮಕ್ಕಳ ದುಡಿಮೆ ನಿಲ್ಲಲಿಲ್ಲ. ಅಪ್ಪ-ಅಮ್ಮಂದಿರೇ ಕಳಿಸುತ್ತಿದ್ದರೆ ಸರ್ಕಾರ ತಾನೇ ಏನು ಮಾಡೀತು? (ಗದಗಿನ ಓದುಗರು)

ಉತ್ತರ: ತಪ್ಪನ್ನು ಅಪ್ಪ-ಅಮ್ಮನ ಮೇಲೆ ಹಾಕುವುದನ್ನು ನಾನು ಒಪ್ಪಲ್ಲ. ಮೊದಲು ಆ ಕಾಯ್ದೆಯನ್ನೇ ನೋಡಿ. 7 ವರ್ಷದೊಳಗಿನವರನ್ನು ಸೇರಿಸಬಾರದು, 7ರಿಂದ 12ರವರನ್ನು ದಿನಕ್ಕೆ 9 ಗಂಟೆ ದುಡಿಸಬಹುದು. ಎಂಟು ವರ್ಷದ ಮಗು, ಒಂಬತ್ತು ಗಂಟೆ! ಅದೂ ಯಂತ್ರಶಕ್ತಿಯಿಂದ ನಡೆಯುವ, ಕನಿಷ್ಠ 100 ಕೆಲಸಗಾರರಿರುವ ಕಾರ್ಖಾನೆಗಳಿಗೆ ಮಾತ್ರ. ನೀಲಿ ಬಣ್ಣ ತಯಾರಿಸುವ ಕಾರ್ಖಾನೆ, ಚಹಾ ಮತ್ತು ಕಾಫಿ ತೋಟದೊಳಗಿನ ಕಟ್ಟಡಗಳನ್ನು ಹೆಸರು ಹೇಳಿಯೇ ಬಿಟ್ಟಿದ್ದರು. ವರ್ಷಕ್ಕೆ 4 ತಿಂಗಳೂ ನಡೆಯದ ಕಾರ್ಖಾನೆಗಳಿಗೂ ವಿನಾಯಿತಿ, ಅಂದರೆ ಹತ್ತಿ ಸುಗ್ಗಿಯಲ್ಲಷ್ಟೇ ಸದ್ದು ಮಾಡುವ ಜಿನ್ನುಗಳು (ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗಳು) ಸುಲಭವಾಗಿ ತಪ್ಪಿಸಿಕೊಳ್ಳಬಹುದಿತ್ತು. ಮೈಸೂರಿನಂಥ ಸಂಸ್ಥಾನಗಳಿಗೆ ಅದು ನೇರವಾಗಿ ಅನ್ವಯಿಸುತ್ತಲೇ ಇರಲಿಲ್ಲ.

ಈ ಕಾಯ್ದೆ ಬರಲಿ ಅಂತ ಜೋರಾಗಿ ಒತ್ತಾಯಿಸಿದವರಲ್ಲಿ ಇಂಗ್ಲೆಂಡಿನ ಲಂಕಾಶೈರಿನ ಬಟ್ಟೆ ಗಿರಣಿ ಮಾಲೀಕರೂ ಇದ್ದರು. ಬೊಂಬಾಯಿ ಬಟ್ಟೆಯ ಪೈಪೋಟಿ ಅವರಿಗೆ ತಲೆನೋವಾಗಿತ್ತು. ಹೀಗಾಗಿ ಇಲ್ಲಿನ ಮಾಲೀಕರು ಇದು ಲಂಕಾಶೈರಿನ ಕುತಂತ್ರ ಅಂತ ಕೂಗಿದರು, ಎಷ್ಟೋ ದೇಶಾಭಿಮಾನಿ ಪತ್ರಿಕೆಗಳೂ ದನಿಗೂಡಿಸಿದವು, ಆ ಗಲಾಟೆಯಲ್ಲಿ ಮಗುವಿನ ಪರ ಮಾತಾಡಿದ, ಬೊಂಬಾಯಿಯ ಸಮಾಜ ಸುಧಾರಕ ಸೊರಾಬ್ಜಿ ಶಾಪೂರ್ಜಿ ಬೆಂಗಾಲಿಯಂಥವರು ಬೆರಳೆಣಿಕೆಯಷ್ಟೇ.

ಇನ್ನು ಜಾರಿ. ಬೇರೆ ಇನ್‌ಸ್ಪೆಕ್ಟರ್ ಇಲ್ಲದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ಇನ್‌ಸ್ಪೆಕ್ಟರ್. ಕಂದಾಯ, ಪೊಲೀಸು, ಬರಗಾಲ ಎಲ್ಲ ಹೊತ್ತವರು ಗಿರಣಿಗೆ ಹೋಗಿ ಮಕ್ಕಳನ್ನು ಎಣಿಸುತ್ತಾ ನಿಲ್ಲುತ್ತಾರಾ? ಹೋದರೂ ವಯಸ್ಸು ಗೊತ್ತಾಗುವುದು ಹೇಗೆ? ಹೆಚ್ಚಿನ ಮಕ್ಕಳ ಜನನ ದಾಖಲೆಯೇ ಇರಲಿಲ್ಲ. ಡಾಕ್ಟರು ಹಲ್ಲು, ಎತ್ತರ ನೋಡಿ ಅಂದಾಜು ಮಾಡಿ ಸರ್ಟಿಫಿಕೇಟ್ ಕೊಡುತ್ತಿದ್ದರು. 1891ರಲ್ಲಿ ಕನಿಷ್ಠ ವಯಸ್ಸು 9 ಆಯಿತು, 1922ರಲ್ಲಿ 12. ಮಕ್ಕಳ ಕೆಲಸದ ಹೊತ್ತು 6 ಗಂಟೆಗೆ ಇಳಿದಾಗ ಒಂದೇ ಮಗು ಬೆಳಿಗ್ಗೆ ಒಂದು ಗಿರಣಿ, ಮಧ್ಯಾಹ್ನ ಇನ್ನೊಂದು ಗಿರಣಿಯಲ್ಲಿ ದುಡಿಯುವುದೂ ನಡೆಯಿತು. ಅದನ್ನು ತಡೆಯಲು 1926ರಲ್ಲಿ ತಂದೆತಾಯಿಗೂ ದಂಡ ಹಾಕುವ ತಿದ್ದುಪಡಿ ಬಂತು. ದೊಡ್ಡವರ ಕೂಲಿ ಮನೆಗೆ ಸಾಲದೆ ಇರುವಾಗ ಆ ದಂಡದಿಂದ ಯಾರ ಹೊಟ್ಟೆ ತುಂಬೀತು?

ಪ್ರಶ್ನೆ: ಹಾಗಾದರೆ ಬೀಡಿ ಕಟ್ಟುವ ಮಕ್ಕಳು? (ಮಂಗಳೂರಿನ ಓದುಗರು)

ಉತ್ತರ: ಅವರಿಗೆ ತುಂಬಾ ತಡವಾಯಿತು. ಮದ್ರಾಸ್ ಪ್ರಾಂತದ ಬೀಡಿ ಶೆಡ್ಡುಗಳಲ್ಲಿ 5 ವರ್ಷದ ಮಕ್ಕಳೂ ಇದ್ದರು, ದಿನಕ್ಕೆ 10-12 ಗಂಟೆ ದುಡಿಯುತ್ತಿದ್ದರು ಅಂತ ಕಾರ್ಮಿಕರ ಸ್ಥಿತಿ ವಿಚಾರಿಸಲು ಸರ್ಕಾರ ನೇಮಿಸಿದ್ದ ವಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಮಕ್ಕಳ ದುಡಿಮೆಯನ್ನು ಸಾಲಕ್ಕೆ ಒತ್ತೆ ಇಡುವ ಕರಾರು ಚಲಾವಣೆಯಿಲ್ಲ ಅಂತ 1933ರ ಕಾಯ್ದೆ ಹೇಳಿತು. ಅದರಲ್ಲಿ ಒತ್ತೆ ಇಟ್ಟವರಿಗೆ 50 ರೂಪಾಯಿವರೆಗೆ, ದುಡಿಸಿದ ಧಣಿಗೆ 200 ರೂಪಾಯಿವರೆಗೆ ದಂಡ. ಬೀಡಿ ಕಾರ್ಖಾನೆಗೆ 12ರೊಳಗಿನವರನ್ನು ಸೇರಿಸಬಾರದು ಅಂತ ಆದದ್ದು 1938ರಲ್ಲಿ. ಅದರಲ್ಲೂ ಕೂಲಿಯವರಿಲ್ಲದೆ ಮನೆಮಂದಿಯೇ ನಡೆಸುವ ಕೆಲಸಕ್ಕೆ ವಿನಾಯಿತಿ ಕೊಟ್ಟರು, ಹಾಗಾಗಿ ಬೀಡಿ ಶೆಡ್ಡಿನಿಂದ ಮನೆಯ ಜಗಲಿಗೆ ಬಂದರೆ ಮಗುವಿಗೆ ಯಾವ ಕಾಯ್ದೆಯೂ ಇರಲಿಲ್ಲ.